ಒದಿಲಿಯಾಳ ಸಿಟ್ಟು ಮತ್ತು ತಮಾಲ್ ಹಂಡೆ

ಮೂವತ್ತು ವರ್ಷದ ಸಂಸಾರದಲ್ಲಿ ಒದಿಲಿಯಾ ನಾಲ್ಕು ಸಲ ಆ ಪುಟ್ಟ ಪ್ಲಾಸ್ಟಿಕ್ ಗೊಂಬೆಯನ್ನು ಕೆನ್ನೆಯೊಳಗೆ ಬಚ್ಚಿಟ್ಟುಕೊಂಡಿದ್ದಳು. ಜನವರಿ ಆರರಂದು ಮೂರು ರಾಜರ ಹಬ್ಬದ ಬ್ರೆಡ್ ಕತ್ತರಿಸುವಾಗ ಯಾರ ತುಂಡಿನಲ್ಲಿ ಆ ಗೊಂಬೆ ಸಿಗುತ್ತದೋ ಅವರು ಫೆಬ್ರವರಿ ಎರಡರಂದು ಎಲ್ಲರಿಗೂ ಹಬೆಯಲ್ಲಿ ಬೇಯಿಸುವ ತಮಾಲ್ ಕಡುಬು ಮಾಡಿ ಹಾಕಬೇಕು. ನಮ್ಮ ಹುವಾಮಾಂತ್ಲಾ ಊರಿನಲ್ಲಿ ಖರ್ಚಿಗೆ ಹೆದರಿ ಗೊಂಬೆ ಬಚ್ಚಿಡುವವರು ಬೇಕಾದಷ್ಟು ಜನ. ಒದಿಲಿಯಾಳ ಮೈದುನ ಒಂದು ವರ್ಷ ನುಂಗಿಯೇಬಿಟ್ಟಿದ್ದ. ಒದಿಲಿಯಾ ಜಿಪುಣಿಯಲ್ಲ. ತಾನು ಒಲೆಯ ಮೇಲಿಟ್ಟ ಹಂಡೆಯಲ್ಲಿ ತಮಾಲ್ ಬೇಯುವುದಿಲ್ಲ ಎಂದು ಅವಳು ನಂಬಿದ್ದಳು.

ಹಂಡೆ ಇಡುವುದೊಂದನ್ನು ಬಿಟ್ಟರೆ ಮಿಕ್ಕ ಕೆಲಸವೆಲ್ಲ ಅವಳದೇ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸುವುದು, ಗಿರಣಿಯ ಸಾಲಿನಲ್ಲಿ ನಿಲ್ಲುವುದು, ತೆನೆಸಿಪ್ಪೆ ನೆನೆಹಾಕಿ ಒಂದೊಂದನ್ನೇ ಒರೆಸುವುದು, ಮಾಂಸ ಬೇಯಿಸಿ ಎಳೆಎಳೆಯಾಗಿ ಬಿಡಿಸುವುದು, ಹಂದಿಕೊಬ್ಬು ಹಾಕಿದ ಹಿಟ್ಟನ್ನು ತೋಳು ಸೋಲುವವರೆಗೆ ಬಡಿಯುವುದು. ಹಿಟ್ಟು ಹದವಾಗಿ ಅದರ ಉಂಡೆ ನೀರಿನ ಲೋಟದಲ್ಲಿ ತೇಲಿದ ಮೇಲೆ ಅವಳು ಸಿಪ್ಪೆಯೊಳಗೆ ಹಿಟ್ಟು, ಮಾಂಸ ತುಂಬಿ ನೂರಿಪ್ಪತ್ತು ತಮಾಲ್ ಮಡಚಬೇಕು. ಆಮೇಲೆ ಅತ್ತೆ ದೋನ್ಯಾ ಬಾಸಿಲಿಸಾ ಬಂದು ಅವನ್ನು ಹಂಡೆಯಲ್ಲಿ ಜೋಡಿಸಿ, ಶಿಲುಬೆಯ ಗುರುತು ಮಾಡಿ ಮುಚ್ಚಳ ಹಾಕುತ್ತಿದ್ದರು. ತಿಂದವರು ದೋನ್ಯಾ ಬಾಸಿಲಿಸಾರ ಕೈರುಚಿಯನ್ನು ಹೊಗಳುತ್ತಿದ್ದರು.

ಇದು ಶುರುವಾದದ್ದು ಒದಿಲಿಯಾ ಮದುವೆಯಾಗಿ ಬಂದ ವರ್ಷ. ಆಗ ಅವಳಿಗೆ ಇಪ್ಪತ್ತೊಂದು. ಹಬ್ಬದ ಬೆಳಿಗ್ಗೆ ಗಂಡ ಸಬಾಸ್ ತನ್ನ ಫುಟ್‌ಬಾಲ್ ತಂಡದ ಹನ್ನೊಂದು ಜನರ ಕೆಸರು ಬಟ್ಟೆಯ ಗಂಟನ್ನು ತಂದು ಒಗೆಯುವ ಕಲ್ಲಿನ ಮೇಲೆ ಹಾಕಿದ್ದ. ಅವಳು ಒಗೆದಳು. ಒಗೆದು ಮುಗಿಸುವಷ್ಟರಲ್ಲಿ ಅವನು ಕಾಲುಚೀಲಗಳ ಇನ್ನೊಂದು ಗಂಟು ತಂದ. ಅವಳು ಬಕೆಟ್ಟನ್ನು ನೆಲಕ್ಕೆ ಕುಕ್ಕಿದಳು. ಒಂದೇ ಸಲ. ಅಂದು ಮಧ್ಯಾಹ್ನ ತಮಾಲ್ ಬಿಚ್ಚಿದರೆ ಹಿಟ್ಟು ಬೆಳ್ಳಗೆ, ಅರೆಬೆಂದು, ಸಿಪ್ಪೆಗೆ ಅಂಟಿಕೊಂಡಿತ್ತು.

ಒಲೆಯ ಹತ್ತಿರ ಯಾರಾದರೂ ಸಿಟ್ಟು ಮಾಡಿದರೆ ತಮಾಲ್ ಬೇಯುವುದಿಲ್ಲ ಎಂಬುದು ನಮ್ಮ ಕಡೆ ಮಗುವಿಗೂ ಗೊತ್ತು. ಎಲ್ಲರೂ ಒದಿಲಿಯಾಳ ಕಡೆ ನೋಡಿದರು. ಪರಿಹಾರವೂ ಎಲ್ಲರಿಗೂ ಗೊತ್ತಿರುವುದೇ. ಹಂಡೆಯ ಎರಡೂ ಕಿವಿಗೆ ಸಿಪ್ಪೆಯ ಎಳೆ ಕಟ್ಟಬೇಕು, ಸಿಟ್ಟು ಮಾಡಿದವರು ಅದರ ಸುತ್ತ ಕುಣಿಯಬೇಕು. ಹದಿನೇಳು ಜನ ನೆಂಟರ ಮುಂದೆ, ಸೋಪಿನ ನೀರಿಗೆ ಸುಲಿದ ಕೈಗಳನ್ನು ಲಂಗಕ್ಕೆ ಒರೆಸಿಕೊಂಡು, ಹೊಸ ಸೊಸೆ ಹಂಡೆಯ ಸುತ್ತ ಕುಣಿದಳು. ಜನ ಚಪ್ಪಾಳೆ ತಟ್ಟಿದರು.

ಅಂದಿನಿಂದ ಅವಳು ಸಿಟ್ಟು ಮಾಡುವುದನ್ನೇ ಬಿಟ್ಟಳು. ಅವಳ ಮಗಳು ಲುಸೆರೋಗೆ ದೀಕ್ಷಾಸ್ನಾನ ಮಾಡಿಸಿದಾಗ ಮಗುವನ್ನು ಹಿಡಿದು ನಿಂತವಳು ನಾನು, ಆದ್ದರಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಬೀದಿಯ ಆಚೆ ಅವಳ ಮನೆ, ಈಚೆ ನನ್ನದು. "ನಂಗೆ ಸಿಟ್ಟು ಬಂದ್ರೆ ಎಲ್ಲಾ ಕೆಟ್ಟೋಗತ್ತೆ ಕೊಮಾದ್ರೆ" ಎಂದು ಅವಳು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ತನಗೆ ಸಕ್ಕರೆ ಕಾಯಿಲೆ ಇದೆ ಎನ್ನುವವರ ಧಾಟಿಯಲ್ಲೇ ಹೇಳುತ್ತಿದ್ದಳು. ಮನೆಯವರಿಗೆ ಇದರಿಂದ ಎಷ್ಟು ಅನುಕೂಲವಾಯಿತು ಎಂಬುದು ನನಗೆ ಕಾಣುತ್ತಿತ್ತು. ಸಿಟ್ಟು ಬರಬಾರದ ಹೆಂಗಸು ಹನ್ನೊಂದು ಜನರ ಬಟ್ಟೆಯನ್ನು ಮೂವತ್ತು ವರ್ಷ ಒಗೆಯುತ್ತಾಳೆ.

ಹೋದ ಡಿಸೆಂಬರಿನಲ್ಲಿ ಕ್ರಿಸ್‌ಮಸ್ಸಿನ ತಮಾಲ್ ಮತ್ತೆ ಅರೆಬೆಂದವು. ಅಂದು ಲುಸೆರೋ ತನ್ನ ಚಿಕ್ಕಪ್ಪನಿಗೆ, "ತಿಂದ ತಟ್ಟೇನ ನೀವೇ ತೊಳ್ಕೊಂಡ್ರೆ ಕೈ ಸವೆಯಲ್ಲ" ಎಂದಿದ್ದಳು. ಸಬಾಸನ ಅಕ್ಕ ಮಾಕ್ರಿನಾಗೆ ಅಷ್ಟೇ ಸಾಕಾಯಿತು.

"ಅಮ್ಮನ ಪಿತ್ತ ಮಗಳಿಗೂ ಇಳಿದಿದೆ. ಬಾರೇ, ಕುಣಿ."

ಲುಸೆರೋಗೆ ಇಪ್ಪತ್ತು ವರ್ಷ. ನರ್ಸಿಂಗ್ ಓದುತ್ತಿದ್ದಾಳೆ, ಯಾರಿಗೂ ತಲೆಬಾಗುವವಳಲ್ಲ. ಮೊದಲು ನಕ್ಕಳು. ಬೇರೆ ಯಾರೂ ನಗದಿದ್ದುದನ್ನು ನೋಡಿ ಎರಡು ಸುತ್ತು ಕುಣಿದಳು. ಆಮೇಲೆ ಏಪ್ರನ್ನಿಗೆ ಕೈ ಒರೆಸಿಕೊಂಡು ಹೊರಗೆ ಹೋಗಿ ಕೂತಳು. ಒದಿಲಿಯಾ ಹಿಂದೆಯೇ ಹೋದಾಗ ಹೇಳಿದಳಂತೆ, "ನಾನು ಒಲೆ ಹತ್ರ ಬರ್ಬಾರ್ದಿತ್ತಮ್ಮ. ನನ್ನಿಂದ್ಲೇ ಆಗಿದ್ದು."

ಮರುದಿನ ನಾವಿಬ್ಬರೂ ಒದ್ದೆ ದುಪ್ಪಟಿಯ ಎರಡು ತುದಿ ಹಿಡಿದು ಹಿಂಡುತ್ತಿದ್ದಾಗ ಒದಿಲಿಯಾ ತಟ್ಟನೆ ನಿಂತಳು.

"ಕೊಮಾದ್ರೆ, ಆವತ್ತು ನಾಣ್ಯ ನಿಂತಿತ್ತು."

"ಯಾವತ್ತು?"

"ನಾನು ಕುಣಿದ್ನಲ್ಲ, ಆವತ್ತು. ನಂಗೆ ಕೇಳಿಸಿತ್ತು."

ತಮಾಲ್ ಹಂಡೆಯ ತಳದ ನೀರಿಗೆ ಒಂದು ನಾಣ್ಯ ಹಾಕುತ್ತೇವೆ. ನೀರು ಕುದಿಯುವಷ್ಟು ಹೊತ್ತೂ ಅದು ಟಣಟಣ ಬಡಿಯುತ್ತದೆ. ಸದ್ದು ನಿಂತರೆ ನೀರು ಮುಗಿದಿದೆ ಎಂದರ್ಥ. ಅಂದು ಸದ್ದು ನಿಂತಿತ್ತು. ಮನೆಗೆ ಬಂದು ವರ್ಷವೂ ಆಗದ ಸೊಸೆ, ಅತ್ತೆಗೆ ಹೇಗೆ ಹೇಳುವುದೆಂದು ಸುಮ್ಮನಿದ್ದಳು. ಆಮೇಲೆ ಎಲ್ಲರೂ ಅವಳ ಸಿಟ್ಟು ಎಂದರು. ಅವಳೂ ಹಾಗೇ ಅಂದುಕೊಂಡಳು. ಅಂದುಕೊಳ್ಳುತ್ತಾ ನಾಣ್ಯವನ್ನು ಮರೆತಳು.

"ಕಿವಿಯಾರೆ ಕೇಳಿದ್ದನ್ನ ಬಿಟ್ಟು ಅವರು ಹೇಳಿದ್ದನ್ನ ಇಟ್ಕೊಂಡೆ ನೋಡು" ಎಂದಳು. ದುಪ್ಪಟಿಯಿಂದ ನಮ್ಮಿಬ್ಬರ ಕಾಲ ಮೇಲೂ ನೀರು ಸುರಿಯುತ್ತಿತ್ತು.

ಜನವರಿ ಆರರಂದು ಗೊಂಬೆ ಅವಳ ತುಂಡಿನಲ್ಲೇ ಬಂತು. ಅವಳು ಅದನ್ನು ಅಂಗೈಗೆ ಉಗುಳಿ ಮೇಜಿನ ನಡುವೆ ಇಟ್ಟಳು.

"ಈ ಸಲ ನಂದು."

ದೋನ್ಯಾ ಬಾಸಿಲಿಸಾ ಕಾಫಿ ಬಟ್ಟಲನ್ನು ಕೆಳಗಿಟ್ಟರು. "ಸರಿ. ನೀನು ಹಿಟ್ಟು ಮಾಡು, ಹಂಡೆ ನಾನಿಡ್ತೀನಿ."

"ಬೇಡ ಅತ್ತೆ. ಹಂಡೇನೂ ನಾನೇ ಇಡೋದು."

"ಒದಿಲಿಯಾ, ಸುಮ್ನೆ ಯಾಕೆ" ಎಂದ ಸಬಾಸ್. "ಮಾರ್ಕೆಟ್ಟಿಂದ ತರ್ಸೋಣ ಬಿಡು. ನಿಂಗೂ ಶ್ರಮ ತಪ್ಪತ್ತೆ."

"ಮೂವತ್ತು ವರ್ಷದಿಂದ ಕಾಣ್ದೇ ಇದ್ದ ಶ್ರಮ ಇವತ್ತು ಕಂಡ್ತಾ?"

ಮಾಕ್ರಿನಾ ಬ್ರೆಡ್ಡಿನ ಮೇಲಿನ ಸಕ್ಕರೆ ಕೆರೆಯುತ್ತಾ, "ಬೇಕ್ರಿಯಿಂದ ಒಂದಷ್ಟು ಬನ್ ತಂದಿಟ್ಕೊಳ್ಳಿ. ಉಪವಾಸ ಹೋಗೋದು ಬೇಡ" ಎಂದಳು.

ಫೆಬ್ರವರಿ ಎರಡರ ಹಬ್ಬದ ದಿನ ಒದಿಲಿಯಾ ಲುಸೆರೋಳನ್ನು ಜೊತೆಗಿಟ್ಟುಕೊಂಡಳು. ಅವಳಿಗೆ ಗೆಲ್ಲಬೇಕಾಗಿದ್ದುದು ಇದೊಂದೇ: ಮಗಳು ಆ ಒಲೆಯ ಹತ್ತಿರದಿಂದ ಮತ್ತೊಮ್ಮೆ ಕೈ ಒರೆಸಿಕೊಂಡು ಎದ್ದು ಹೋಗಬಾರದು. ಅಂಗಳದ ಒಲೆಗೆ ಬೆಂಕಿ ಹಾಕಿ, ಹಂಡೆಗೆ ನೀರು ಸುರಿದು, ನಾಣ್ಯ ಹಾಕಿ, ತಮಾಲ್‌ಗಳನ್ನು ನೆಟ್ಟಗೆ ನಿಲ್ಲಿಸಿ ಜೋಡಿಸಿದಳು. ಮೇಲೆ ಸಿಪ್ಪೆ, ಬಟ್ಟೆ, ಮುಚ್ಚಳ. ಸ್ವಲ್ಪ ಹೊತ್ತಿಗೆ ಟಣಟಣ ಶುರುವಾಯಿತು.

ಎಲ್ಲವೂ ಶಾಂತವಾಗಿಯೇ ನಡೆಯುತ್ತಿತ್ತೇನೋ. ಅಷ್ಟರಲ್ಲಿ ಸಬಾಸ್ ತನ್ನ ಹಳೆಯ ಆಟಗಾರರ ತಂಡದ ಏಳು ಜನರನ್ನು ಹೇಳದೆ ಕೇಳದೆ ಕರೆದುಕೊಂಡು ಬಂದ. ಹೆಗಲ ಮೇಲೆ ಒಂದು ಚೀಲವಿತ್ತು. ಅದನ್ನು ಒಗೆಯುವ ಕಲ್ಲಿನ ಪಕ್ಕ ಇಳಿಸಿ, "ಹೆಂಗಿದ್ರೂ ಒಲೆ ಉರೀತಿದೆಯಲ್ಲ, ಇದಕ್ಕೂ ಒಂದಿಷ್ಟು ನೀರು ಕಾಯ್ಸ್ಬಿಡು" ಎಂದ.

ಒದಿಲಿಯಾ ಚೀಲವನ್ನೇ ನೋಡಿದಳು. ಅವಳ ಕುತ್ತಿಗೆ ಕೆಂಪಾಗುವುದು ನನಗೆ ಕಂಡಿತು. ಮಾಕ್ರಿನಾಗೂ ಕಂಡಿತು. ಅವಳು ಓಡಿ ಬಂದು ಹಂಡೆಯ ಕಿವಿಗೆ ಸಿಪ್ಪೆಯ ಎಳೆ ಕಟ್ಟತೊಡಗಿದಳು. ಒದಿಲಿಯಾ ಅದನ್ನು ಬಿಚ್ಚಿ ಒಲೆಗೆ ಹಾಕಿದಳು.

"ಸಬಾಸ್, ನಂಗೆ ಸಿಟ್ಟು ಬಂದಿದೆ" ಎಂದಳು.

"ಹಂಡೆ ಮುಂದೆ ಬೇಡ ಕಣೇ" ಎಂದು ದೋನ್ಯಾ ಬಾಸಿಲಿಸಾ ಶಿಲುಬೆಯ ಗುರುತು ಮಾಡಿಕೊಂಡರು. "ಬೀದಿಗೆ ಹೋಗಿ ಬೈಯಿ."

"ಇಲ್ಲೇ ಬೈತೀನಿ ಅತ್ತೆ. ಅದಕ್ಕೂ ಕೇಳ್ಲಿ. ಸಬಾಸ್, ನಿಮ್ ತಂಡ ಸೋತಾಗ್ಲೂ ಒಗ್ದಿದೀನಿ, ಗೆದ್ದಾಗ್ಲೂ ಒಗ್ದಿದೀನಿ. ಗರ್ಭಿಣಿಯಾಗಿದ್ದಾಗ ಬಗ್ಗಕ್ಕಾಗ್ದೆ ಮಂಡಿಯೂರಿ ಒಗ್ದಿದೀನಿ. ನಿಮ್ ಗೋಲ್ ಕೀಪರ್ ಮೂರು ಸಲ ಮದ್ವೆಯಾದ, ಮೂರು ಹೆಂಡ್ತೀರಲ್ಲಿ ಒಬ್ಳೂ ಅವನ ಕಾಲುಚೀಲ ಮುಟ್ಲಿಲ್ಲ. ಬುದ್ಧಿವಂತೆಯರು."

ಗೋಲ್ ಕೀಪರ್ ತನ್ನ ಬೂಟನ್ನು ನೋಡಿಕೊಂಡ. ಅವಳ ದನಿ ಏರುತ್ತಲೇ ಹೋಯಿತು. ಹಂಡೆಯ ಪಕ್ಕದಲ್ಲೇ ನಿಂತು, ಸೌಟು ಹಿಡಿದು, ಕಾಲು ಗಂಟೆ ಬೈದಳು. ಅಷ್ಟರಲ್ಲಿ ಮಾಕ್ರಿನಾ ತಮಾಲ್ ಕೆಟ್ಟಿತೋ ಏನೋ ಎಂದು ಎರಡು ಸಲ ಮುಚ್ಚಳ ತೆಗೆದು ಇಣುಕಿದಳು.

ಹೊತ್ತಾದ ಮೇಲೆ ಒದಿಲಿಯಾ ಒಂದು ತಮಾಲ್ ತೆಗೆದು ಬಿಚ್ಚಿದಳು. ಹಿಟ್ಟು ಬೆಳ್ಳಗಿತ್ತು, ಸಿಪ್ಪೆಗೆ ಅಂಟಿಕೊಂಡಿತ್ತು.

ಲುಸೆರೋಳ ಕೈ ಏಪ್ರನ್ನಿನ ಕಡೆ ಹೋಯಿತು.

"ನಾನು ಮೊದ್ಲೇ ಹೇಳ್ದೆ" ಎಂದರು ದೋನ್ಯಾ ಬಾಸಿಲಿಸಾ.

"ಲುಸೆರೋ, ಕೈ ಒರೆಸ್ಕೋಬೇಡ" ಎಂದಳು ಒದಿಲಿಯಾ. "ಇಲ್ಲಿ ಬಾ. ಏನು ಕೇಳ್ತಿದೆ?"

ಲುಸೆರೋ ಬಗ್ಗಿ ಕಿವಿಕೊಟ್ಟಳು. "ನಾಣ್ಯ ಬಡೀತಿದೆ."

"ಅಂದ್ರೆ ನೀರಿದೆ. ಬೆಂಕಿ ಇದೆ. ನಿಮ್ಮ ಮಾಕ್ರಿನಾ ಅತ್ತೆ ಎರಡು ಸಲ ಹಬೆ ಹೊರಗೆ ಬಿಟ್ಟಿದಾಳೆ. ಇನ್ನರ್ಧ ಗಂಟೆ ಬೇಕು. ಆಗ್ಲೂ ಬೇಯ್ಲಿಲ್ಲ ಅಂದ್ರೆ ಮತ್ತರ್ಧ ಗಂಟೆ. ಅಷ್ಟೇ." ಅವಳು ಮುಚ್ಚಳ ಹಾಕಿ, ಅದರ ಮೇಲೆ ಅರೆಯುವ ಕಲ್ಲಿನ ಗುಂಡನ್ನು ಹೇರಿದಳು. ಅತ್ತೆಯ ಕಡೆ ತಿರುಗಿದಳು. "ನನ್ನ ಮದ್ವೆ ವರ್ಷ ಇದೇ ಹಂಡೇಲಿ ಸದ್ದು ನಿಂತಿತ್ತು. ಹೇಳೋಕೆ ಹೆದರ್ದೆ. ಅದು ನನ್ ತಪ್ಪು, ಒಪ್ಕೋತೀನಿ. ಸಿಟ್ಟು ತಪ್ಪಲ್ಲ. ಆ ಕುಣಿತ ವಾಪಸ್ ಕೊಡಿ ಅಂದ್ರೆ ನೀವೆಲ್ಲಿಂದ ಕೊಡ್ತೀರಿ."

ಮುದುಕಿ ಒಲೆಗೆ ಒಂದು ಸೌದೆ ಒತ್ತಿದರು. ಆಮೇಲೆ ಮಾಕ್ರಿನಾಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು, "ಆ ಸದ್ದು ನಂಗೆ ಕೇಳೋದು ನೀನು ಬರೋಕ್ ಮುಂಚೇನೇ ನಿಂತೋಯ್ತು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ."

"ಹೇಳ್ಬೋದಿತ್ತಲ್ಲ ಅತ್ತೆ."

"ಹೇಳಿದ್ರೆ ಹಂಡೆ ಯಾರ ಕೈಗೆ ಹೋಗ್ತಿತ್ತು?"

ಒದಿಲಿಯಾ ಒಲೆಯ ಪಕ್ಕ ಮಣೆ ಎಳೆದುಕೊಂಡಳು. ಅವಳ ಸಿಟ್ಟು ಕರಗಿತು ಎಂದು ನಾನು ಬರೆಯಲಾರೆ. ಕರಗಲಿಲ್ಲ. ಅರ್ಧ ಗಂಟೆಯೂ ಹುಬ್ಬು ಗಂಟಿಕ್ಕಿಕೊಂಡೇ ಕೂತಿದ್ದಳು.

ಮುಚ್ಚಳ ತೆಗೆದಾಗ ಲುಸೆರೋ ತಾನೇ ಒಂದನ್ನು ಎತ್ತಿ, ಬೆರಳು ಸುಡುತ್ತಿದ್ದರೂ ಬಿಚ್ಚಿದಳು. ಸಿಪ್ಪೆ ಸಲೀಸಾಗಿ ಬಿಟ್ಟುಕೊಂಡಿತು. ಉಳಿದ ನೂರಾ ಹತ್ತೊಂಬತ್ತೂ ಬೆಂದಿದ್ದವು. ಏಳು ಜನ ಆಟಗಾರರು ತಲೆ ತಗ್ಗಿಸಿಕೊಂಡು ತಿಂದರು, ತಟ್ಟೆಗಳನ್ನು ಅವರೇ ತೊಳೆದಿಟ್ಟರು. ದೋನ್ಯಾ ಬಾಸಿಲಿಸಾ ಎರಡು ತಿಂದು, "ಉಪ್ಪು ಕಮ್ಮಿ" ಎಂದರು.

"ಹೌದು, ಕಮ್ಮಿ ಆಗಿದೆ" ಎಂದು ಒದಿಲಿಯಾ ಮೂರನೆಯದನ್ನು ತೆಗೆದುಕೊಂಡಳು.

ಸಬಾಸನ ಚೀಲ ಒಗೆಯುವ ಕಲ್ಲಿನ ಪಕ್ಕದಲ್ಲಿ ಮೂರು ದಿನ ಬಿದ್ದಿತ್ತು. ನಾಲ್ಕನೆಯ ದಿನ ಅವನೇ ಒಗೆದ. ಬಿಳಿ ಅಂಗಿಗಳನ್ನೂ ಕೆಂಪು ಕಾಲುಚೀಲಗಳನ್ನೂ ಒಂದೇ ಬಕೆಟ್ಟಿಗೆ ಹಾಕಿದ್ದರಿಂದ ತಂಡದವರೆಲ್ಲ ಆ ಋತುವಿಡೀ ಗುಲಾಬಿ ಬಣ್ಣದ ಅಂಗಿಯಲ್ಲಿ ಆಡಿದರು. ಅದು ಯಾರ ಸಿಟ್ಟಿನಿಂದ ಹಾಗಾಯಿತು ಎಂದು ಯಾರೂ ಕೇಳಲಿಲ್ಲ.