ಟ್ರೈಫೀನಾ ಚಿಕ್ಕಮ್ಮ ಹೊದ್ದ ಕಾದಂಬರಿ

ನಮ್ಮ ಟ್ರೈಫೀನಾ ಚಿಕ್ಕಮ್ಮನಿಗೆ ಅಕ್ಷರದ ಗಂಧವೇ ಇರಲಿಲ್ಲ. ಹೆಸರು ಬರೆಯಬೇಕಾದ ಕಡೆ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದು ಕೈ ಒರೆಸಿಕೊಳ್ಳುತ್ತಿದ್ದಳು. ಅಂಥವಳು ಒಂದು ಇಡೀ ಕಾದಂಬರಿಯನ್ನು ಇಪ್ಪತ್ತೆಂಟು ವರ್ಷ ಕಾಪಾಡಿದಳು. ಹೇಗೆ ಕಾಪಾಡಿದಳು ಎಂಬುದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಸಿಟ್ಟಿನ ಬೆನ್ನಿಗೇ ಅವಳ ಮೇಲೆ ಅಕ್ಕರೆ ಉಕ್ಕುತ್ತದೆ.

ಹದಿನಾರಕ್ಕೆ ಅವಳು ನಮ್ಮೂರ ಪಾದ್ರಿಗಳ ಮನೆಗೆ ಕೆಲಸಕ್ಕೆ ಸೇರಿದ್ದಳು. ಇಂಗ್ಲೆಂಡಿನ ನಮ್ಮ ಡೆವನ್ ಸೀಮೆಯಲ್ಲಿ ಅಷ್ಟು ದೊಡ್ಡ ಪಾದ್ರಿಮನೆ ಇನ್ನೊಂದಿರಲಿಲ್ಲ. ಇದ್ದವರು ಇಬ್ಬರೇ, ಪಾದ್ರಿಗಳು ಮತ್ತು ತಾಯಿಯಿಲ್ಲದ ಮಗಳು ಮಿಸ್ ಲೆಟಿಸ್. ಮಗಳು ಗುಟ್ಟಾಗಿ ಒಂದು ಕಾದಂಬರಿ ಬರೆದರು. ಲಂಡನ್ನಿನ ಪ್ರಕಾಶಕರೊಬ್ಬರು ಅಚ್ಚು ಹಾಕುತ್ತೇವೆಂದು ಬರೆದ ಕಾಗದ ತಂದೆಯ ಕೈಗೆ ಸಿಕ್ಕಿತು. ಮಗಳನ್ನು ಎಲ್ಲಿಗೂ ಬಿಡದೆ, ಯಾರೊಡನೆಯೂ ಬೆರೆಯಗೊಡದೆ ಸಾಕುವ ತಂದೆಯೊಬ್ಬನ ಕಥೆ ಆ ಕಾದಂಬರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಹಾಳೆಗಳನ್ನು ತರಿಸಿ ಓದಿದ ಪಾದ್ರಿಗಳು ಉರಿದುಬಿದ್ದು, ಸುಟ್ಟುಹಾಕು ಎಂದು ಅಪ್ಪಣೆ ಮಾಡಿದರು.

ಮಿಸ್ ಲೆಟಿಸ್ ಸುಡಲಿಲ್ಲ. ಆಗಲೇ ಅವರಿಗೆ ಕ್ಷಯ. ಒಂದು ಬೆಳಿಗ್ಗೆ ಹಾಳೆಗಳ ಕಟ್ಟನ್ನು ಚಿಕ್ಕಮ್ಮನ ಮಡಿಲಿಗೆ ಹಾಕಿದರು.

"ಅಪ್ಪ ಇರೋವರೆಗೂ ಯಾರಿಗೂ ತೋರಿಸಬೇಡ, ಟ್ರೈಫೀನಾ. ಆಮೇಲೆ ಯಾರಾದ್ರೂ ಓದಲಿ. ಒಂದು ಚೂರೂ ಕಳೀಬಾರದು."

"ಕಳೆಯಲ್ಲ ಮಿಸ್. ನನ್ನಾಣೆ" ಅಂದಳಂತೆ ಇವಳು.

ಆ ಚಳಿಗಾಲದಲ್ಲೇ ಮಿಸ್ ಲೆಟಿಸ್ ತೀರಿಕೊಂಡರು. ಮಣ್ಣು ಮಾಡಿದ ಮರುವಾರವೇ ಪಾದ್ರಿಗಳು, ಮಗಳು ಹಾಳೆ ಸುಟ್ಟಿಲ್ಲವೆಂಬ ಅನುಮಾನದಿಂದ, ಹಾಸಿಗೆ, ಪೆಟ್ಟಿಗೆ, ಕೆಲಸದವರ ಗಂಟುಮೂಟೆ ಎಲ್ಲವನ್ನೂ ಜಾಲಾಡಿದರು. ಚಿಕ್ಕಮ್ಮ ಕಿಟಕಿಯ ಬಳಿ ಕೌದಿ ಹೊಲಿಯುತ್ತ ಕೂತಿದ್ದಳು. "ಹೊಲಿಗೆ ಚೆನ್ನಾಗಿದೆ" ಎಂದು ಹೊಗಳಿ ಮುಂದೆ ಹೋದರಂತೆ ಮಹಾನುಭಾವರು.

ನಮ್ಮ ಕಡೆ ಕೌದಿ ಹೊಲಿಯುವುದೇ ಹೀಗೆ. ದಪ್ಪ ಕಾಗದವನ್ನು ಆರು ಮೂಲೆಯ ತುಂಡುಗಳಾಗಿ ಕತ್ತರಿಸಿ, ಒಂದೊಂದಕ್ಕೂ ಬಟ್ಟೆ ಮಡಚಿ ಹೊಲಿದು, ನಡುವೆ ಒಂದು, ಸುತ್ತ ಆರು ಇಟ್ಟರೆ ಒಂದು ಹೂವು. ಹಳೇ ಪತ್ರವೋ, ಅಂಗಡಿ ಚೀಟಿಯೋ, ಯಾವ ಕಾಗದವಾದರೂ ಸೈ. ಬೆಚ್ಚಗಿರಲಿ ಎಂದು ಅದನ್ನು ಒಳಗೇ ಬಿಡುವವರೂ ಇದ್ದಾರೆ. ಕೌದಿಯೊಳಗಿನ ಕಾಗದವನ್ನು ಯಾರು ತಾನೇ ಹುಡುಕುತ್ತಾರೆ?

ಪಾದ್ರಿಗಳು ತೊಂಬತ್ತು ದಾಟಿಯೇ ಕಣ್ಣು ಮುಚ್ಚಿದರು. ಅವರ ಮಣ್ಣಿನಿಂದ ನೇರ ಚಿಕ್ಕಮ್ಮ ನನ್ನ ಮನೆಗೆ ಬಂದಳು, ಹೆಗಲ ಮೇಲೆ ಕೌದಿ. ಊರ ಮಕ್ಕಳಿಗೆ ಪಾಠ ಹೇಳುವವಳು ನಾನು. ಮನೆತನದಲ್ಲಿ ಓದು ಬಲ್ಲವಳು ನಾನೊಬ್ಬಳೇ.

"ಬಿಚ್ಚು ಹೆಸ್ಟರ್. ಮಿಸ್ ಲೆಟಿಸ್ ಬರೆದದ್ದು ಇದರೊಳಗಿದೆ. ಓದು."

ಒಂದು ಹೂವು ಬಿಚ್ಚಿದೆ. ಒಂದು ತುಂಡಿನಲ್ಲಿ ಅರ್ಧ ಸಾಲು, ಇನ್ನೊಂದರಲ್ಲಿ ಕಾಲು ಮಾತು. ನನ್ನ ನಾಲಿಗೆಗೆ ಲಗಾಮಿಲ್ಲ, ಅದು ಊರಿಗೇ ಗೊತ್ತು.

"ಏನು ಕೆಲಸ ಮಾಡಿದ್ದೀಯೇ ಚಿಕ್ಕಮ್ಮ. ಕತ್ತರಿಸಿಬಿಟ್ಟಿದ್ದೀಯಲ್ಲ. ಪಾದ್ರಿಗಳು ಸುಟ್ಟಿದ್ರೂ ಇಷ್ಟೇ ಆಗ್ತಿತ್ತು."

ಅವಳು ನನ್ನ ಮುಖವನ್ನೇ ನೋಡಿದಳು. "ಒಂದು ಚೂರೂ ಕಳೆದಿಲ್ಲ ಕಣೆ. ಹೂವಿನ ಬಟ್ಟೆ ಕತ್ತರಿಸಿದ್ರೆ ಹೂವು ಎಲ್ಲಿಗೆ ಹೋಗುತ್ತೆ? ಬರವಣಿಗೇನೂ ಹಾಗೇ ಅಂದ್ಕೊಂಡೆ." ಬಿಚ್ಚಿದ ತುಂಡುಗಳನ್ನು ಒಟ್ಟುಗೂಡಿಸುತ್ತ ಕೇಳಿದಳು, "ಹಾಗಾದ್ರೆ ನಾನೇ ಕೊಂದೆನಾ ಅದನ್ನ?"

ಹಾಳಾದ ನನ್ನ ಬಾಯಿ. ಆ ದಿನ ಅವಳು ಊಟ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಕೌದಿಯನ್ನು ನೆಲದ ಮೇಲೆ ಹಾಸಿ, ಮಂಡಿಯೂರಿ ಕೂತಿದ್ದಳು. ನಟ್ಟನಡುವಿನ ಹಳದಿ ಹೂವಿನ ಮೇಲೆ ಬೆರಳಿಟ್ಟಳು.

"ಇದು ಮೊದಲ್ನೇ ಹಾಳೆ. ಕಟ್ಟಿನ ಮೇಲಿಂದ ಒಂದೊಂದೇ ತೆಗೆದು ಕತ್ತರಿಸಿದ್ದು. ಒಂದು ಹಾಳೆಗೆ ಒಂದು ಹೂವು. ಆಮೇಲೆ ಇದು, ಆಮೇಲೆ ಈ ನೀಲಿ, ಹೀಗೇ ಬಲಕ್ಕೆ ಸುತ್ತುತ್ತಾ ಹೋಗೋದು."

"ಅಷ್ಟೂ ನೆನಪಿದೆಯಾ?"

"ಓದು ಬರಲ್ಲ ನಿಜ. ನಾನು ಹೊಲಿದದ್ದು ನನಗೆ ಗೊತ್ತಿರಲ್ವಾ?"

ಹಾಳೆಯ ಅಂಚಿನ ಸಣ್ಣ ಚೂರುಗಳನ್ನೂ ಪುಣ್ಯಾತ್ಗಿತ್ತಿ ಎಸೆದಿರಲಿಲ್ಲ. ಆಯಾ ಹೂವಿನ ಬೆನ್ನಿಗೇ ಸೇರಿಸಿ ಹೊಲಿದಿದ್ದಳು. ಚಳಿಗಾಲವಿಡೀ ಅವಳು ಹೊಲಿಗೆ ಬಿಚ್ಚಿ ತುಂಡುಗಳನ್ನು ಸರದಿಯಲ್ಲಿ ಕೊಡುತ್ತಾ ಹೋದಳು, ನಾನು ಹಿಟ್ಟಿನ ಅಂಟಿನಿಂದ ಹಾಳೆಗಳಿಗೆ ಅಂಟಿಸಿದೆ. ನೂರ ಐವತ್ತೆರಡು ಹೂವು, ನೂರ ಐವತ್ತೆರಡು ಹಾಳೆ. ಸೂಜಿಯ ತೂತು ಬಿದ್ದಲ್ಲಿ ಬಿಟ್ಟರೆ ಒಂದಕ್ಷರವೂ ಹೋಗಿರಲಿಲ್ಲ. ನಾನು ಅವಳ ಕೈ ಹಿಡಿದುಕೊಂಡು ಕ್ಷಮೆ ಕೇಳಿದೆ. "ಹೋಗೇ, ಮೊದಲು ಓದು" ಅಂದಳು.

ಅಚ್ಚಾದದ್ದು ಅವಳು ಹೋದ ಮೇಲೆ, ಆ ಮಾತು ಬೇರೆ. ಅಂದು ಅದನ್ನು ಕೇಳಿದವಳು ಅವಳೊಬ್ಬಳೇ. ನಾಲ್ಕು ಮಧ್ಯಾಹ್ನ ಓದಿದೆ. ತಂದೆ ಬೀಗ ತಿರುಗಿಸುವುದು ಬಂದಾಗ "ಹೌದು, ಹಾಗೇ ತಿರುಗಿಸ್ತಿದ್ರು" ಎಂದು ತಲೆಯಾಡಿಸಿದಳು. ನಡುವೆ ಒಮ್ಮೆ ನಕ್ಕಳು ಕೂಡ.

ಕೊನೆಯ ಹಾಳೆಯಲ್ಲಿ ಹುಡುಗಿ ಕಾಯಿಲೆ ಬಿದ್ದು ಮಹಡಿಯ ಕೋಣೆಯಲ್ಲಿ ಒಬ್ಬಳೇ ಮಲಗಿದ್ದಾಳೆ. ಕೆಳಗಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಕೆಲಸದ ಹುಡುಗಿ ಹಾಡುವುದು ಕೇಳುತ್ತದೆ. ಅವಳನ್ನು ಮೇಲೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳೋಣವೆನಿಸುತ್ತದೆ. ಪಾಪ, ಅವಳಿಗೆ ರಾಶಿ ಕೆಲಸವಿರುತ್ತದೆ, ಬೇಡ ಎಂದುಕೊಂಡು ಸುಮ್ಮನಾಗುತ್ತಾಳೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ನಾನು ಹಾಳೆ ಕೆಳಗಿಟ್ಟೆ. ಚಿಕ್ಕಮ್ಮ ಅದನ್ನೆತ್ತಿ ಅಂಟಿನ ಗೆರೆಗಳ ಮೇಲೆ ಬೆರಳಾಡಿಸಿದಳು.

"ಪಾತ್ರೆ ತಾನೇ" ಅಂದಳು. "ಕರೆದಿದ್ರೆ ಬರ್ತಿದ್ದೆನಲ್ಲ, ಹೆಸ್ಟರ್."