ಬೆಳ್ಯಪ್ಪನ ಕಾಮಾಲೆ ಮುಗಿದ ತಾರೀಕು

ದರ್ಬೆಯ ಒಂದು ಖಾಸಗಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಬೆಳ್ಯಪ್ಪ ಅಟೆಂಡರ್. ಬಾಟಲಿಯ ಚೀಟಿ ಹರಿದುಹೋದರೂ ಒಳಗಿರುವುದು ಯಾವ ಆ್ಯಸಿಡ್ ಎಂದು ದೂರದಿಂದಲೇ ಹೇಳಬಲ್ಲವ. ಇಪ್ಪತ್ತಾರು ವರ್ಷಗಳಲ್ಲಿ ಒಟ್ಟಿಗೆ ಎರಡು ದಿನಕ್ಕಿಂತ ಹೆಚ್ಚು ರಜೆ ಹಾಕಿದವನಲ್ಲ. ಸ್ವಂತ ಮದುವೆಗೂ ಅಷ್ಟೇ.

ಅಂಥವನನ್ನು ಈ ಸಲ ಕಾಮಾಲೆ ಹಿಡಿದು ಇಪ್ಪತ್ತೆರಡು ದಿನ ಐವರ್ನಾಡಿನ ಮನೆಯಲ್ಲಿ ಮಲಗಿಸಿತು. ಹೆಂಡತಿ ಪಂಕಜಾಕ್ಷಿ ಪಥ್ಯದ ವಿಷಯದಲ್ಲಿ ಯಾರ ಮಾತಿಗೂ ಬಗ್ಗುವವಳಲ್ಲ. ಮೂರು ಹೊತ್ತೂ ಗಂಜಿ, ಬೇಯಿಸಿದ ತೊಂಡೆಕಾಯಿ. ಎಣ್ಣೆ, ಖಾರ ಇಲ್ಲ. ಮೀನಿನ ಹೆಸರನ್ನೇ ಎತ್ತುವ ಹಾಗಿಲ್ಲ.

ಡಾಕ್ಟರು ಕಣ್ಣು ನೋಡಿ, "ಇನ್ನು ಎಲ್ಲ ತಿನ್ನಬಹುದು" ಎಂದ ಮೇಲೆ ಸೋಮವಾರ ಬೆಳ್ಯಪ್ಪ ಕೆಲಸಕ್ಕೆ ಹಾಜರಾದ. ಸಂಜೆ ಬರುವಾಗ ಬಂಗುಡೆ ಮೀನು ತರುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿದ್ದ. ಅಷ್ಟರಲ್ಲಿ ಪಂಕಜಾಕ್ಷಿಯ ಫೋನ್ ಬಂತು.

"ನೀವು ಎಂತಕ್ಕೆ ಹೋದ್ದು? ನಿಮ್ಮ ಕಾಲೇಜಿನವರೇ ಮೆಸೇಜ್ ಹಾಕಿದ್ದಾರೆ. 'ಅನಾರೋಗ್ಯ ರಜೆ ಮುಂದುವರಿದಿದೆ, ಶೀಘ್ರ ಗುಣಮುಖರಾಗಿ' ಅಂತ ಉಂಟು."

ಸಿಬ್ಬಂದಿಯ ರಜೆಯ ಲೆಕ್ಕವನ್ನೆಲ್ಲ ಕಾಲೇಜು ಆನ್‌ಲೈನಿಗೆ ಹಾಕಿದಾಗ ಬೆಳ್ಯಪ್ಪ ಹೆಂಡತಿಯ ನಂಬರ್ ಕೊಟ್ಟಿದ್ದ. ಅವನದು ಬರೀ ಮಾತಾಡುವ ಫೋನ್.

"ಡಾಕ್ಟರೇ ಹೇಳಿದ್ದಾರಲ್ಲ ಮಾರಾಯ್ತಿ!"

"ಅವರು ಹೇಳಿದ್ದು ಬಾಯಲ್ಲಿ. ಇದು ಬರಹದಲ್ಲಿ ಉಂಟು."

ರಾತ್ರಿ ಮತ್ತೆ ಗಂಜಿ. ಮಂಗಳವಾರ ಒಂಬತ್ತಕ್ಕೆ ಸರಿಯಾಗಿ ಅದೇ ಮೆಸೇಜ್ ಬಂತು, ರಾತ್ರಿ ಅದೇ ಗಂಜಿ ಬಂತು. ಬುಧವಾರ ಬೆಳ್ಯಪ್ಪ ನೇರ ಆಫೀಸಿಗೆ ನುಗ್ಗಿ, ಕಂಪ್ಯೂಟರ್ ನೋಡಿಕೊಳ್ಳುವ ಗಾನಶ್ರೀಯ ಮುಂದೆ ನಿಂತ.

"ರಜೆ ಮುಗಿಯಿತೆಂದು ನೀವು ಹಾಕಲೇ ಇಲ್ಲ ಬೆಳ್ಯಪ್ಪಣ್ಣ. ಹಾಜರಿ ಪುಸ್ತಕಕ್ಕೆ ಸಹಿ ಮಾಡಿದರೆ ಸಿಸ್ಟಮಿಗೆ ಗೊತ್ತಾಗುದಿಲ್ಲ" ಎಂದು ಅವಳು ಪರದೆ ತಿರುಗಿಸಿದಳು. "ಇಲ್ಲಿ ನೋಡಿ, ಕಾಯಿಲೆಯ ಕೊನೆಯ ದಿನ ಯಾವುದು?"

ಸುಳ್ಳು ಬರೆಸುವ ಜನವಲ್ಲ ಬೆಳ್ಯಪ್ಪ. ಗಹನವಾಗಿ ಯೋಚಿಸಿದ. ಕಣ್ಣಿನ ಹಳದಿ ಹೋದದ್ದು ಗುರುವಾರ. ಡಾಕ್ಟರು ಹೇಳಿದ್ದು ಶನಿವಾರ.

"ಭಾನುವಾರ ಬೆಳಿಗ್ಗೆ ಕಾಫಿ ರುಚಿಸಿತು ಮೇಡಂ. ಆದರೆ ಮಧ್ಯಾಹ್ನ ಸ್ವಲ್ಪ ತಲೆ ತಿರುಗಿದ ಹಾಗೆ..."

"ಸಿಸ್ಟಮಿಗೆ ಕಾಫಿ, ತಲೆ ಎಂತದೂ ಬೇಡ. ಒಂದು ತಾರೀಕು ಬೇಕು."

"ಹಾಗಾದರೆ ಭಾನುವಾರ" ಎಂದ, ಒಲ್ಲದ ಮನಸ್ಸಿನಿಂದ.

ಡಾಕ್ಟರ ಸರ್ಟಿಫಿಕೇಟಿನ ಫೋಟೋ ತೆಗೆದು ಸೇರಿಸಿದ ಗಾನಶ್ರೀ, "ಇನ್ನು ಪ್ರಿನ್ಸಿಪಾಲರು ಒಪ್ಪಿದರೆ ಮುಗಿಯಿತು. ಅವರು ಮೈಸೂರಿನಲ್ಲಿ ತರಬೇತಿಗೆ ಹೋಗಿದ್ದಾರೆ, ಶುಕ್ರವಾರ ಬರುದು" ಎಂದಳು.

"ಅಯ್ಯೋ, ಇನ್ನೂ ಎರಡು ದಿನ ಗಂಜಿಯಾ?"

ಗಾನಶ್ರೀಗೆ ಅರ್ಥವಾಗಲಿಲ್ಲ. ಬೆಳ್ಯಪ್ಪ ಪಥ್ಯದ ಕತೆಯೆಲ್ಲ ಹೇಳಿದ. ಅವಳು ಮೇಜಿಗೆ ತಲೆಯಿಟ್ಟು ನಕ್ಕಳು.

ಶುಕ್ರವಾರ ಅವಳು ಪ್ರಿನ್ಸಿಪಾಲರಿಗೆ ಏನು ಹೇಳಿದಳೋ, ಅವರು ಬ್ಯಾಗು ಕೆಳಗಿಡುವ ಮೊದಲೇ ಒಪ್ಪಿಗೆ ಒತ್ತಿದರು. ಪಂಕಜಾಕ್ಷಿಯ ಫೋನ್ ಕೂಡಲೇ ಬಂತು: "ಮೆಸೇಜ್ ಬಂತು. ರಜೆ ಮುಗಿದಿದೆಯಂತೆ. ಬರುವಾಗ ಬಂಗುಡೆ ತನ್ನಿ. ಆರು ಸಾಲದು, ಹತ್ತು ತನ್ನಿ."

ಹತ್ತು ಯಾಕೆಂದು ಬೆಳ್ಯಪ್ಪನಿಗೆ ಬಸ್ಸಿನುದ್ದಕ್ಕೂ ಹೊಳೆಯಲಿಲ್ಲ. ಮನೆಯಲ್ಲಿರುವುದು ಇಬ್ಬರೇ. ಊಟಕ್ಕೆ ಕೂತಾಗ ಅವನು ಎರಡನೆಯ ಮೀನಿನ ಮುಳ್ಳು ಬಿಡಿಸುತ್ತಿದ್ದರೆ ಅವಳು ಆಗಲೇ ನಾಲ್ಕನೆಯದಕ್ಕೆ ಕೈ ಹಾಕಿದ್ದಳು.

"ನೀನು ಈ ಒಂದು ತಿಂಗಳು ಮೀನು ತಿನ್ನಲೇ ಇಲ್ವಾ?"

"ನಿಮ್ಮ ಎದುರು ಹೇಗೆ ತಿನ್ನುದು ಮಾರಾಯ್ರೆ? ನಾನೂ ಅದೇ ಗಂಜಿ ಕುಡಿದದ್ದು."

ಬೆಳ್ಯಪ್ಪ ತನ್ನ ಬಟ್ಟಲಿನಲ್ಲಿದ್ದ ದೊಡ್ಡ ಬಂಗುಡೆಯನ್ನು ಎತ್ತಿ ಅವಳ ಬಟ್ಟಲಿಗೆ ಹಾಕಿದ. ಪಂಕಜಾಕ್ಷಿ ಬೇಡ ಎನ್ನಲಿಲ್ಲ.