ಕಾಗುಣಿತದಮ್ಮ ಮುಟ್ಟದೆ ಬಿಟ್ಟ ಪುಸ್ತಕ

ನಮ್ಮ ಮುದ್ರಣಾಲಯದಲ್ಲಿ ಆಕೆಯ ನಿಜವಾದ ಹೆಸರು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಯಜಮಾನರಿಂದ ಹಿಡಿದು ಯಂತ್ರಕ್ಕೆ ಎಣ್ಣೆ ಬಿಡುವವನವರೆಗೆ ಎಲ್ಲರ ಬಾಯಲ್ಲೂ ಅವರು ಕಾಗುಣಿತದಮ್ಮ. ಕರಡು ತಿದ್ದುವುದು ಅವರ ಕೆಲಸ. ನಾನು ಬೈಂಡಿಂಗ್ ವಿಭಾಗದವನು. ನನ್ನ ಅಂಟಿನ ಡಬ್ಬಿಗೂ ಅವರ ಮೇಜಿಗೂ ನಡುವೆ ಎದೆಮಟ್ಟದ ಒಂದು ಹಲಗೆ ಗೋಡೆ, ಅಷ್ಟೆ. ಇಪ್ಪತ್ತೆರಡು ವರ್ಷ ಅವರು ಆಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದೇನೆ, ಆಡದೆ ನುಂಗಿಕೊಂಡದ್ದನ್ನೂ ಅಷ್ಟಿಷ್ಟು ಕಂಡಿದ್ದೇನೆ.

ನಮ್ಮಲ್ಲಿ ಹೆಚ್ಚಾಗಿ ಅಚ್ಚಾಗುತ್ತಿದ್ದದ್ದು ಪತ್ತೇದಾರಿ ಕಾದಂಬರಿಗಳು. ಅದರಲ್ಲೂ ಕೊಲೆ ಮೇಷ್ಟ್ರದ್ದು. ಅವರು ಮೊದಲು ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದವರು. ಆಮೇಲೆ ಮೂರು ತಿಂಗಳಿಗೊಂದು ಕೊಲೆ ಬರೆದು ಹೆಸರು ಮಾಡಿದರು. ಬಸ್ ನಿಲ್ದಾಣದ ಅಂಗಡಿಯಲ್ಲಿ ಅವರ ಪುಸ್ತಕ ಬಂದ ದಿನವೇ ಖಾಲಿ. "ಏನು ತಲೆ ಕಣ್ರೀ, ಒಂದೆಳೆ ತಪ್ಪಲ್ಲ" ಎಂದು ಓದುಗರು ಹಾಡಿ ಹೊಗಳುತ್ತಿದ್ದರು.

ಆ ಎಳೆ ತಪ್ಪದಂತೆ ಕಾಯುತ್ತಿದ್ದವರು ಯಾರೆಂದು ಗೊತ್ತಿದ್ದದ್ದು ನಮಗೆ ನಾಲ್ಕೈದು ಜನಕ್ಕೆ. ಮೇಷ್ಟ್ರು ಓಡುವ ಕುದುರೆಯ ಹಾಗೆ ಬರೆಯುತ್ತಿದ್ದರು. ಹಿಂದಕ್ಕೆ ತಿರುಗಿ ನೋಡುವ ಅಭ್ಯಾಸವೇ ಇರಲಿಲ್ಲ. ಮೂರನೇ ಅಧ್ಯಾಯದಲ್ಲಿ ಗುಂಡೇಟಿಗೆ ಸತ್ತವನು ಏಳನೆಯದರಲ್ಲಿ ಬಾಗಿಲು ತಟ್ಟುವನು. ಪತ್ತೇದಾರನ ಕೈಯಲ್ಲಿದ್ದ ಕೊಡೆ ಪುಟ ತಿರುವುವಷ್ಟರಲ್ಲಿ ದೂರದರ್ಶಕವಾಗಿರುವುದು. ಕಾಗುಣಿತದಮ್ಮ ಹಲಗೆಯ ಮೇಲಿಂದ ಇಣುಕಿ, "ನೋಡಪ್ಪ, ಈ ಹೆಣ ಟೀ ಕುಡೀತಾ ಕೂತಿದೆ" ಎಂದು ನಗುವರು. ಆಮೇಲೆ ಒತ್ತಕ್ಷರ ತಿದ್ದಿದಷ್ಟೇ ಸದ್ದಿಲ್ಲದೆ ಆ ಹೆಣವನ್ನು ಮತ್ತೆ ಮಲಗಿಸುವರು. ಮೇಷ್ಟ್ರು ಅಚ್ಚಾದ ಪುಸ್ತಕ ನೋಡಿ ತಾವೇ ಹಾಗೆ ಬರೆದದ್ದೆಂದು ನಂಬಿಕೊಳ್ಳುತ್ತಿದ್ದರೇನೋ. ಒಂದು ದಿನವೂ ಒಂದು ಮಾತು ಹೇಳಿದವರಲ್ಲ.

ಆದರೆ ಪ್ರತಿ ಗುರುವಾರ ಬಂದು ಕಾಗುಣಿತದಮ್ಮನ ಮೇಜಿನ ಎದುರು ಕೂರುತ್ತಿದ್ದರು. ಟೀ ತರಿಸಿ, "ಏನಮ್ಮ, ಏನಾದ್ರೂ ಸುದ್ದಿ ಹೇಳಿ, ನಮ್ಮ ಗಾಡಿ ಓಡಬೇಕಲ್ಲ" ಎನ್ನುತ್ತಿದ್ದರು. ಒಂಟಿಯಾಗಿದ್ದ ಹೆಂಗಸು. ದೊಡ್ಡ ಮನುಷ್ಯರು ಕಿವಿಗೊಟ್ಟು ಕೇಳುತ್ತಾರೆಂಬ ಖುಷಿಗೆ ಹೇಳುತ್ತಿದ್ದರು.

ಹೀಗೆ ಹೇಳಿದ್ದರಲ್ಲಿ ಅವರ ಅಕ್ಕನ ಕಥೆಯೂ ಒಂದು. ಅಕ್ಕ ಎರಡು ಬೀದಿಯಾಚೆ ಬಟ್ಟೆ ಹೊಲಿಯುತ್ತಿದ್ದಳು. ಎಡಗಾಲು ಸ್ವಲ್ಪ ಕುಂಟು, ಮನೆಗೆ ನೀಲಿ ಬಾಗಿಲು. ಒಂದು ಮಧ್ಯಾಹ್ನ ಒಳಕೋಣೆಯಿಂದ ಗಂಡ ನೀರು ಕೇಳಿದ. "ಒಂದು ಕಾಲರ್ ಉಳಿದಿದೆ, ಬಂದೆ" ಎಂದಳು. ಕಾಲರ್ ಮುಗಿಸಿ ಲೋಟ ಹಿಡಿದು ಹೋಗುವಷ್ಟರಲ್ಲಿ ಗಂಡನ ಎದೆಬಡಿತ ನಿಂತಿತ್ತು. ಈ ಕಾಲರ್ ವಿಷಯವನ್ನು ಅವಳು ತಂಗಿಯ ಮುಂದೆ ಮಾತ್ರ ಅತ್ತುಕೊಂಡು ಹೇಳಿದ್ದಳು. ತಂಗಿ ಅದನ್ನು ಮೇಷ್ಟ್ರ ಮುಂದೆ ಹೇಳಿ ತಾನೂ ಕಣ್ಣೊರೆಸಿಕೊಂಡಿದ್ದಳು.

ಮೇಷ್ಟ್ರ ನಲವತ್ತೊಂಬತ್ತನೆಯ ಕಾದಂಬರಿಯ ಕರಡು ಬಂತು. ಅರ್ಧಗಂಟೆಯಾಗಿರಬಹುದು, ಹಲಗೆಯಾಚೆ ಕುರ್ಚಿ ಹಿಂದಕ್ಕೆ ಬಿದ್ದ ಸದ್ದು. ಕಾದಂಬರಿಯ ಕೊಲೆಗಾರ್ತಿ ಬಟ್ಟೆ ಹೊಲಿಯುವವಳು. ಎಡಗಾಲು ಕುಂಟು, ಮನೆಗೆ ನೀಲಿ ಬಾಗಿಲು. ಗಂಡನಿಗೆ ವಿಷ ಹಾಕಿ, ಅವನ ನರಳಾಟ ಬೀದಿಗೆ ಕೇಳಬಾರದೆಂದು ಹೊಲಿಗೆ ಯಂತ್ರವನ್ನು ತುಳಿಯುತ್ತಲೇ ಇರುತ್ತಾಳೆ.

ಗುರುವಾರ ಮೇಷ್ಟ್ರು ಬಂದರು.

"ಇದು ನಮ್ಮಕ್ಕ ಮೇಷ್ಟ್ರೇ. ನಿಮ್ಮನ್ನ ನಂಬಿ ಹೇಳಿದ್ದು."

"ಅಯ್ಯೋ, ಕಥೆ ಕಣಮ್ಮ! ಕಥೇಲಿ ಒಂದು ಹೆಂಗಸೂ ಇರಬಾರದಾ?"

"ಇರ್ಲಿ. ಕಾಲು ನೆಟ್ಟಗಿರ್ಲಿ, ಹೊಲಿಗೆ ಬೇಡ. ಬಾಗಿಲಿಗೆ ಬೇರೆ ಬಣ್ಣ ಹಚ್ಚಿ. ನಿಮಗೇನು ಕಷ್ಟ?"

"ಆಯ್ತು, ನೋಡೋಣ."

ನೋಡುವ ಪೈಕಿ ಅಲ್ಲವೆಂದು ಗೊತ್ತಿದ್ದ ಕಾಗುಣಿತದಮ್ಮ ತಾವೇ ಬದಲಾಯಿಸಿದರು. ಹೊಲಿಗೆಯವಳು ಬೆರಳಚ್ಚುಗಾರ್ತಿಯಾದಳು, ಕಾಲು ನೆಟ್ಟಗಾಯಿತು. ಮೇಷ್ಟ್ರು ಆ ಸಲ ಮಾತ್ರ ಕೊನೆಯ ಕರಡು ತರಿಸಿಕೊಂಡು ಅಷ್ಟನ್ನೂ ಹಿಂದಕ್ಕೆ ತಿರುಗಿಸಿ, ಯಜಮಾನರಿಗೆ ಒಂದು ಪತ್ರ ಬರೆದರು: "ಕರಡು ತಿದ್ದುವವರು ಕಾದಂಬರಿ ಬರೆಯುವುದು ಬೇಡ. ಇನ್ನು ಮುಂದೆ ನನ್ನ ಹಸ್ತಪ್ರತಿಯ ಒಂದಕ್ಷರವೂ ಬದಲಾಗಕೂಡದು." ಯಜಮಾನರು ಅದನ್ನು ಕಾಗುಣಿತದಮ್ಮನ ಮೇಜಿನ ಗಾಜಿನಡಿ ಇಟ್ಟರು.

ಪುಸ್ತಕ ಬಂತು, ಬಂದ ದಿನವೇ ಖಾಲಿಯಾಯಿತು. ಅಕ್ಕನ ಬೀದಿಯವರು ಅದನ್ನು ಕೈಯಿಂದ ಕೈಗೆ ದಾಟಿಸಿದರು. ಸತ್ತ ಗಂಡನ ಕಡೆಯವರಿಗೆ ಆ ಸಾವಿನ ಬಗ್ಗೆ ಮೊದಲೇ ಗೊಣಗಾಟವಿತ್ತು. ಈಗ "ಅಚ್ಚೇ ಆಗಿದೆಯಲ್ಲ" ಎಂದು ತೋರಿಸಲು ಒಂದು ಪುಸ್ತಕ ಸಿಕ್ಕಿತು. ಹೊಲಿಯಲು ಕೊಟ್ಟ ಬಟ್ಟೆಯನ್ನು ಜನ ಹಾಗೇ ವಾಪಸ್ ಒಯ್ದರು. ಅವಳು ಕುಂಟುತ್ತ ಹೋದರೆ ಹಿಂದಿನಿಂದ ಮಕ್ಕಳು ಬಾಯಲ್ಲಿ ಟಕಟಕ ಎಂದು ಯಂತ್ರದ ಸದ್ದು ಮಾಡಿದವು. ಎರಡೇ ತಿಂಗಳು. ಅಕ್ಕ ನೀಲಿ ಬಾಗಿಲಿಗೆ ಬೀಗ ಹಾಕಿ ಪಟ್ಟಣದ ಆ ತುದಿಯ ಒಂದು ಕೋಣೆಗೆ ಹೋದಳು. ಅಂಗಿಗಳಿಗೆ ಗುಂಡಿ ಹಚ್ಚುವ ಕೆಲಸ ಹಿಡಿದಳು. ತಂಗಿಯನ್ನು ಏನೂ ಕೇಳಲಿಲ್ಲ.

ಕಾಗುಣಿತದಮ್ಮ ನಗುವುದನ್ನು ಬಿಟ್ಟರು. ಮೇಷ್ಟ್ರು ಬಂದರೆ ಟೀ ಕುಡಿಯುವರು, ಹೂಂಗುಟ್ಟುವರು. ನನಗೆ ಒಳಗೊಳಗೇ ಹೆದರಿಕೆ. ಹಲ್ಲು ಕಚ್ಚಿದವರ ಮುಖ ಹೇಗಿರುತ್ತದೆಂದು ನನಗೆ ಗೊತ್ತು.

ಒಂಬತ್ತು ತಿಂಗಳಾದ ಮೇಲೆ ಐವತ್ತನೆಯ ಕಾದಂಬರಿ ಬಂತು. ಐವತ್ತನೆಯದೆಂದು ಉಳಿದವುಗಳ ಮೂರರಷ್ಟು ದಪ್ಪ. ಪತ್ರಿಕೆಗಳಲ್ಲಿ ಜಾಹೀರಾತು, ದೊಡ್ಡ ಸಭಾಂಗಣದಲ್ಲಿ ಬಿಡುಗಡೆಯ ಏರ್ಪಾಡು. ಕಾಗುಣಿತದಮ್ಮ ಹಸ್ತಪ್ರತಿಯನ್ನೂ ಕರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿದರು. ಅಕ್ಷರ ಜೋಡಿಸುವವನು ಪಾಪ, ಸತ್ತವನ ಹೆಸರು ಮತ್ತೆ ಬಂದದ್ದು ಕಂಡು ತಾನೇ ತಿದ್ದಿದ್ದ. ಅವರು ಆ ತಿದ್ದುಪಡಿಯನ್ನು ಹೊಡೆದುಹಾಕಿ ಮೊದಲಿನ ಹೆಸರನ್ನೇ ಹಾಕಿಸಿದರು.

ನಾನು ಹಲಗೆಯ ಮೇಲೆ ಬಾಗಿದೆ. "ಅಮ್ಮಾ, ಹೆಣ ಎದ್ದಿದೆಯಲ್ಲ?"

"ಏಳ್ಲಿ ಬಿಡು. ಓಡಾಡ್ಲಿ."

ಓಡಾಡಿತು. ಆ ಪುಸ್ತಕದಲ್ಲಿ ಹೆಣ ಎರಡು ಸಲ ಎದ್ದಿತು. ಕೊಲೆಗಾರ ಕೊಲೆಯ ದಿನ ಜೈಲಿನಲ್ಲಿದ್ದ. ಬಲಗೈ ಕಳೆದುಕೊಂಡ ಪತ್ತೇದಾರ ಕೊನೆಯ ಪುಟದಲ್ಲಿ ಎರಡೂ ಕೈ ಜೋಡಿಸಿದ. ಬಿಡುಗಡೆಯಾದ ವಾರದಲ್ಲೇ ಒಂದು ವಾಚನಾಲಯದ ಮಾತುಕತೆಯಲ್ಲಿ ಯಾರೋ ಎದ್ದು, "ಸಾರ್, ಇವನು ಜೈಲಿನ ಕಂಬಿ ಸಂದಿಯಿಂದ ಕೈ ಚಾಚಿ ಕೊಂದನಾ?" ಎಂದರಂತೆ. ಸಭೆಯೇ ನಗೆಗಡಲಾಯಿತಂತೆ. ಪತ್ರಗಳು ಚೀಲಗಟ್ಟಲೆ ಬಂದವು. ಕಾಗುಣಿತದಮ್ಮ ಮಧ್ಯಾಹ್ನದ ಊಟದ ಹೊತ್ತಿಗೆ ಒಂದೊಂದನ್ನೇ ಆರಿಸಿ ನನಗೆ ಗಟ್ಟಿಯಾಗಿ ಓದಿ ಹೇಳಿದರು. ಚೆನ್ನಾಗಿ ಬೈದ ಸಾಲು ಬಂದರೆ ಎರಡು ಸಲ. "ಇದನ್ನ ಕೇಳು, ಇದನ್ನ ಕೇಳು" ಎನ್ನುವಾಗ ಅವರ ಕಣ್ಣು ಮಿಂಚುತ್ತಿತ್ತು. ನಿಜ ಹೇಳುತ್ತೇನೆ, ನನ್ನ ಹೊಟ್ಟೆಯೂ ತಣ್ಣಗಾಯಿತು.

ಮೇಷ್ಟ್ರು ಬಂದದ್ದು ಸೋಮವಾರ. ಟೀ ತರಿಸಲಿಲ್ಲ.

"ಏನ್ರೀ ಇದು! ಕಣ್ಣು ಕಾಣಲ್ವಾ ನಿಮಗೆ?"

ಕಾಗುಣಿತದಮ್ಮ ಗಾಜಿನಡಿಯ ಪತ್ರದ ಮೇಲೆ ಬೆರಳಿಟ್ಟರು. "ಒಂದಕ್ಷರಾನೂ ಬದಲಾಗಿಲ್ಲ ಮೇಷ್ಟ್ರೇ. ಬೇಕಾದ್ರೆ ಹಸ್ತಪ್ರತಿ ತೆಗೀಲಾ?"

ಮೇಷ್ಟ್ರು ಬಗ್ಗಿ ತಮ್ಮದೇ ಪತ್ರವನ್ನು ಗಾಜಿನ ಮೇಲಿಂದ ಓದಿದರು. ತಮ್ಮ ಐವತ್ತು ಪುಸ್ತಕಗಳಲ್ಲಿ ತಾವು ನಿಜಕ್ಕೂ ಬರೆದದ್ದು ಎಷ್ಟೆಂದು ಅವರಿಗೆ ಹೊಳೆದದ್ದು ಆಗಲೇ ಇರಬೇಕು.

ಅಂಗಡಿಗಳಿಂದ ಕಟ್ಟುಗಳು ವಾಪಸ್ ಬರತೊಡಗಿದ್ದವು. ತಿದ್ದಿದ ಎರಡನೇ ಮುದ್ರಣ ತರಲೇಬೇಕೆಂದು ಯಜಮಾನರು ಹಿಡಿದರು. ತಿದ್ದಬಲ್ಲವರು ಒಬ್ಬರೇ. ಕಾಗುಣಿತದಮ್ಮ ಒಂದೇ ಷರತ್ತು ಹಾಕಿದರು: ಪುಸ್ತಕದ ಮೊದಲ ಪುಟದಲ್ಲಿ ತಮ್ಮಕ್ಕನ ಬಗ್ಗೆ ಮೇಷ್ಟ್ರು ತಪ್ಪೊಪ್ಪಿಕೊಳ್ಳಬೇಕು. ಮೇಷ್ಟ್ರು ಹಾರಾಡಿದರು, ಬೇರೆ ಪ್ರಕಾಶಕರನ್ನು ನೋಡುತ್ತೇನೆಂದರು, ಮೂರು ದಿನ ಮುಖ ತೋರಿಸಲಿಲ್ಲ. ನಾಲ್ಕನೇ ದಿನ ಒಂದು ಹಾಳೆ ತಂದರು. "ನನ್ನ ಬರಹದಿಂದ ಯಾರಿಗಾದರೂ ನೋವಾಗಿದ್ದರೆ..." ಎಂದಿತ್ತು.

ಕಾಗುಣಿತದಮ್ಮ ಕೆಂಪು ಗೀಟು ಎಳೆದರು. "ಯಾರಿಗಾದ್ರೂ ಅಲ್ಲ, ಒಬ್ಬಳಿಗೆ. ಆಗಿದ್ದರೆ ಅಲ್ಲ, ಆಗಿದೆ. ಮತ್ತೆ ಬರೀರಿ."

ಎರಡನೆಯದರಲ್ಲಿ "ಕಾಕತಾಳೀಯ" ಎಂಬ ಪದವಿತ್ತು. ಅದನ್ನೂ ಹೊಡೆದರು. ಐವತ್ತು ಪುಸ್ತಕಗಳ ಮೇಷ್ಟ್ರು ನನ್ನ ಕಣ್ಣೆದುರು, ಆ ಪುಟ್ಟ ಮೇಜಿನ ಮೂಲೆಯಲ್ಲಿ, ತಪ್ಪು ಲೆಕ್ಕ ಮಾಡಿದ ಹುಡುಗನ ಹಾಗೆ ಮೂರನೇ ಸಲ ಬರೆದರು: "ನನ್ನ ಹಿಂದಿನ ಕಾದಂಬರಿಯ ಕೊಲೆಗಾರ್ತಿ, ಬದುಕಿರುವ ಒಬ್ಬ ಹೆಂಗಸಿನಿಂದ ನಾನು ಕದ್ದ ರೂಪ. ಆಕೆ ಯಾವ ತಪ್ಪನ್ನೂ ಮಾಡಿದವರಲ್ಲ. ನಂಬಿ ಹೇಳಿದ ಆಕೆಯ ದುಃಖವನ್ನು ಕೊಲೆಯಾಗಿ ತಿರುಚಿದವನು ನಾನು."

"ಈಗ ಸರಿ" ಎಂದರು ಕಾಗುಣಿತದಮ್ಮ. ಕಾದಂಬರಿಯನ್ನು ಮಾತಿಗೆ ತಪ್ಪದೆ ತಿದ್ದಿಕೊಟ್ಟರು. ಆದರೆ ಅದೇ ಕೊನೆ, ಮೇಷ್ಟ್ರ ಹಾಳೆಯನ್ನು ಮತ್ತೆ ಮುಟ್ಟಲಿಲ್ಲ. ಆಮೇಲಿನ ಅವರ ಎರಡು ಪುಸ್ತಕಗಳು ಎಲ್ಲೆಲ್ಲೋ ಅಚ್ಚಾಗಿ, ಯಾರೂ ಕೇಳುವವರಿಲ್ಲದೆ ಹೋದವು.

ಹೊಸ ಮುದ್ರಣದ ಮೊದಲ ಪ್ರತಿಯನ್ನು ನಾನೇ ಅಂಟು ಹಾಕಿ ಒಣಗಿಸಿಕೊಟ್ಟೆ. ಕಾಗುಣಿತದಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಅಕ್ಕನ ಕೋಣೆಗೆ ಹೋದರು. ಮುಂದಿನದು ಅವರೇ ನನಗೆ ಹೇಳಿದ್ದು.

ಅಕ್ಕ ಗುಂಡಿಗಳನ್ನು ಪಕ್ಕಕ್ಕೆ ಸರಿಸಿ ಆ ಪುಟವನ್ನು ಎರಡು ಸಲ ಓದಿದಳು.

"ನಂಬಿ ಹೇಳಿದ ದುಃಖ ಅಂತ ಬರ್ದಿದ್ದಾನೆ. ಅವನಿಗೆ ಹೇಳಿದ್ದು ಯಾರು?"

ತಂಗಿ ಚದುರಿದ ಗುಂಡಿಗಳನ್ನು ಒಟ್ಟುಮಾಡತೊಡಗಿದಳು.

"ಕಾಲರ್ ವಿಷಯ ನಾನು ನಿನ್ನೊಬ್ಬಳಿಗೇ ಹೇಳಿದ್ದು ಕಣೇ. ಗಂಡ ಸಾಯುವಾಗ ಅವಳು ಹೊಲೀತಾ ಕೂತಿರೋದನ್ನ ಆ ಪುಸ್ತಕದಲ್ಲಿ ಓದಿದ ದಿನವೇ ನನಗೆ ಗೊತ್ತಾಯ್ತು. ಅವನಿಗೆ ನಾನು ಯಾರು? ದಾರೀಲಿ ಹೋಗೋಳು. ನಿನಗೆ ನಾನು ಯಾರು?"

"ಅಕ್ಕಾ, ನಾನು ಅವನಿಗೆ ಸರಿಯಾಗೇ ಬುದ್ಧಿ ಕಲಿಸಿದೀನಿ."

"ಕಲಿಸಿದೀಯ. ನಿನಗೆ ಯಾರು ಕಲಿಸ್ಬೇಕು?" ಎಂದು ಅಕ್ಕ ಪುಸ್ತಕವನ್ನು ಮುಚ್ಚಿಟ್ಟು ಸೂಜಿಗೆ ದಾರ ಪೋಣಿಸಿದಳು.

ಹಳೆಯ ಗಿರಾಕಿಗಳಲ್ಲಿ ಇಬ್ಬರು ಬಟ್ಟೆ ಹಿಡಿದು ಹುಡುಕಿಕೊಂಡು ಬಂದರು. ಒಬ್ಬಾಕೆ ಮುಖ ಎತ್ತದೆ ಅಳತೆ ಕೊಟ್ಟಳಂತೆ. ಅಕ್ಕ ಅಳತೆ ತೆಗೆದುಕೊಂಡಳು. ತಂಗಿ ವಾರಕ್ಕೊಮ್ಮೆ ಹೋದರೆ ಬಾಗಿಲು ತೆರೆಯುತ್ತಾಳೆ, ಕೂರು ಎನ್ನುತ್ತಾಳೆ. ದಾರದ ಬಣ್ಣ, ಮೊಣಕಾಲ ನೋವು, ನಲ್ಲಿಯಲ್ಲಿ ನೀರು ಬಾರದ್ದು, ಇಷ್ಟು ಮಾತಾಡುತ್ತಾಳೆ. ಮನಸ್ಸಿನದು ಒಂದೂ ಇಲ್ಲ. ಆರು ವರ್ಷವಾಯಿತು.

ಒಂದು ದಿನ ನಾನೇ ಕೇಳಿದೆ, "ಮಾಡಿದ್ದಕ್ಕೆ ಬೇಜಾರಿದೆಯಾ ಅಮ್ಮ?"

"ಬಾಯಿ ಬಿಟ್ಟಿದ್ದಕ್ಕಾ? ದಿನಾ ಇದೆ" ಎಂದರು. ಊಟದ ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು. "ಮೇಷ್ಟ್ರಿಗೆ ಮಾಡಿದ್ದಕ್ಕಾದ್ರೆ ಇಲ್ಲಪ್ಪ. ನಾಳೆ ಸಿಕ್ಕಿದ್ರೆ ನಾಳೇನೂ ಮಾಡ್ತೀನಿ."